ಲೋಟದ ವಯಸ್ಸಿಗೆ ಎಷ್ಟು ಕೊಡಬೇಕು?

ದೆಹಲಿಯ ಜನಕಪುರಿಯಲ್ಲಿ ಈಗ ಹಳೇ ಮನೆ ಕೆಡವಿ ಬಿಲ್ಡರ್ ಫ್ಲೋರ್ ಎಬ್ಬಿಸುವ ಭರಾಟೆ. ಮನೆ ಖಾಲಿಯಾದಲ್ಲೆಲ್ಲ ಹಳೇ ಸಾಮಾನಿನ ವ್ಯಾಪಾರಿ ಹಾಜರು. ಅಂಥವರೊಬ್ಬರು ಆರು ಕಟ್‌ಗ್ಲಾಸ್ ಲೋಟ ತೋರಿಸಿ, ‘ಅಂಗ್ರೇಜೋಂ ಕೇ ಜಮಾನೇ ಕೇ ಹೈಂ’ (ಬ್ರಿಟಿಷರ ಕಾಲದವು) ಎಂದು 12,000 ರೂಪಾಯಿ ಹೇಳಿದರು. ಅದೇ ಅಂದದ ಹೊಸ ಲೋಟಗಳು 1,500ಕ್ಕೆ ಸಿಗುತ್ತವೆ. ಉಳಿದ 10,500 ಕೇಳಿದ್ದು ವಯಸ್ಸಿಗೆ. ಅದಕ್ಕೆ ಸಾಕ್ಷಿ ಬೇಕಲ್ಲ?

ಅವರು ಮೊದಲು ಉಗುರಿನಿಂದ ತಟ್ಟಿ ಠಣ್ಣೆನಿಸಿದರು. ಅದು ಸೀಸ ಬೆರೆತ ಗಾಜಿನ ಗುಣ. ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲೇ ಅಂಥ ಗಾಜಿಗೆ ಪೇಟೆಂಟ್ ಪಡೆದಿದ್ದ. ಆದರೆ ಮೊನ್ನೆ ಮಾಡಿದ ಸೀಸದ ಗಾಜೂ ಹಾಗೇ ಠಣ್ಣೆನ್ನುತ್ತದೆ. ಆಮೇಲೆ ಬುಡದ ನಡುವಿನ ಒರಟು ಮಚ್ಚೆ ತೋರಿಸಿದರು. ಊದಿದ ಗಾಜನ್ನು ಕಬ್ಬಿಣದ ಸರಳಿನಿಂದ ಬಿಡಿಸಿದ ಗುರುತದು. ಕೈಕೆಲಸಕ್ಕೆ ಸಾಕ್ಷಿ ಸರಿ, ಹಳತೆನ್ನಲು ಸಾಲದು. ಫಿರೋಜಾಬಾದಿನಲ್ಲಿ ಇಂದಿಗೂ ಬಾಯಲ್ಲಿ ಊದಿ ಗಾಜು ಮಾಡುವವರಿದ್ದಾರೆ. ಅಚ್ಚಿನ ಗೆರೆ ಕಂಡೊಡನೆ ಹೊಸದೆಂದು ತಳ್ಳುವಂತೆಯೂ ಇಲ್ಲ. ಅಚ್ಚಿನಲ್ಲಿ ಯಂತ್ರದಿಂದ ಒತ್ತಿದ ಲೋಟಗಳು 1820ರ ದಶಕದಿಂದಲೇ ಇವೆ.

ನಾನು ನಂಬುವುದು ಸವೆತವನ್ನು. ಲೋಟ ಮಗುಚಿ ಭೂತಗನ್ನಡಿ ಹಿಡಿದೆ. ದಶಕಗಟ್ಟಲೆ ಇಟ್ಟು ಎತ್ತಿದ ಲೋಟದಲ್ಲಿ, ಮೇಜಿಗೆ ತಾಗುವ ಕಡೆ ಮಾತ್ರ, ಅಡ್ಡಾದಿಡ್ಡಿ ಸಣ್ಣ ಗೀರುಗಳಿರುತ್ತವೆ. ಇಲ್ಲಿ ಗೀರೆಲ್ಲ ಒಂದೇ ದಿಕ್ಕಿಗೆ. ಮೇಜು ಮುಟ್ಟದ ಒಳಗುಳಿಯಲ್ಲೂ ಇದ್ದವು. ಸ್ಯಾಂಡ್‌ಪೇಪರ್ ಉಜ್ಜಿದ್ದು ಗೊತ್ತಾಯಿತು.

ನಿಜಕ್ಕೂ ಹಳತಾಗಿದ್ದರೂ ಇನ್ನೊಂದು ಲೆಕ್ಕವಿದೆ. 1972ರ ಪುರಾತನ ವಸ್ತು ಮತ್ತು ಕಲಾಸಂಪತ್ತು ಕಾಯ್ದೆಯಂತೆ, ನೂರು ವರ್ಷ ದಾಟಿದ ಕುಶಲ ಕೃತಿಗಳನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕದ ಮಗಳಿಗೆ ಕಳಿಸಲಾಗದು, ಲಂಡನ್ನಿನ ಹರಾಜಿಗೂ ಹಾಕಲಾಗದು. ಆದ್ದರಿಂದ ಮೊಬೈಲಿನಲ್ಲಿ ಪೌಂಡಿನ ಬೆಲೆ ತೋರಿಸಿ ಯಾರಾದರೂ ಲಾಭದ ಆಸೆ ಹುಟ್ಟಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನೀವು ಮಾರಬೇಕಾದದ್ದು ಇಲ್ಲೇ, ಅದೂ ಹೆಚ್ಚಾಗಿ ಇಂಥ ವ್ಯಾಪಾರಿಗೇ.

‘ನೂರು ವರ್ಷ ಹಳೆಯದು, ಸುಳ್ಳಾದರೆ ಹಣ ವಾಪಸ್’ ಎಂದು ಬಿಲ್ಲಿನಲ್ಲಿ ಬರೆದುಕೊಡಿ ಎಂದೆ. ಬಿಲ್ಲಿನಲ್ಲಿ ‘ಗಿಲಾಸ್’ ಅಂತಷ್ಟೇ ಬರೆಯುವುದು ಎಂದರು. ಹಾಗಾದರೆ ಬರೀ ಗಿಲಾಸಿನ ಬೆಲೆ ತಗೊಳ್ಳಿ ಎಂದು 1,500 ಮುಂದಿಟ್ಟೆ. ತುಸು ಗೊಣಗಿ, ಎಣಿಸಿಕೊಂಡರು.