ನಿಂತ ಗಾಡಿಯನ್ನು ಎಬ್ಬಿಸುವ ಮುನ್ನ

ತಮ್ಮಾ, ಮೊನ್ನೆ ನೀನು ಫೋನಿನಲ್ಲಿ ತೋರಿಸಿದ ಚಿತ್ರ ಇನ್ನೂ ಕಣ್ಣ ಮುಂದಿದೆ. ಖಾನಾಪುರ ದಾಟಿ ಜಾಂಬೋಟಿ ಕಡೆಯ ಹಂಚಿನ ಶೆಡ್, ಗೋಡೆಗೆ ಒರಗಿಸಿಟ್ಟ ಭತ್ತದ ಚೀಲಗಳು, ಅವುಗಳ ಪಕ್ಕದಲ್ಲಿ ಧೂಳು ಹೊದ್ದು ಕೂತ ಕೆಂಪು ಸ್ಯಾನ್ ಸ್ಟಾರ್ಮ್. ಗೋವಾ ನಂಬರು. “ಕಾಕಾ, ಹನ್ನೆರಡು ವರ್ಷ ಆತು ನಿಂತು. ಬ್ಯಾಟರಿ ಹಾಕಿದ್ರ ಚಾಲೂ ಆಕ್ಕೈತಿ ಅಂತಾರ” ಅಂದೆ. ನಿನ್ನ ದನಿಯಲ್ಲಿದ್ದ ಹುಮ್ಮಸ್ಸು ನನಗೆ ಹೊಸದಲ್ಲ. ನಿನ್ನ ವಯಸ್ಸಿನಲ್ಲಿ ನನ್ನದೂ ಅದೇ ದನಿ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಯಾರು ಏನೇ ಹೇಳಲಿ, ಆ ಗಾಡಿಗೆ ಈಗಲೇ ಬ್ಯಾಟರಿ ಹಾಕಬೇಡ.

ನಿನ್ನ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ದೇಶದಲ್ಲಿ ಎರಡೇ ಸೀಟಿನ, ಮೇಲ್ಚಾವಣಿ ತೆರೆಯುವ ಕಾರು ಮಾಡಿದವರು ಎಷ್ಟು ಜನ? ಬೆಂಗಳೂರಿನ ಸ್ಯಾನ್ ಕಂಪನಿಯವರು 1990ರ ದಶಕದ ಕೊನೆಗೆ ಆ ಧೈರ್ಯ ಮಾಡಿದರು. ಕಾರು ತಯಾರಾದದ್ದು ಗೋವಾದಲ್ಲಿ, ನಮ್ಮ ಚೋರ್ಲಾ ಘಾಟಿನ ಆ ಕಡೆ. ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಫೈಬರ್ ಬಾಡಿ. ಇಂದಿನ ಲೆಕ್ಕಕ್ಕೆ ಅದರ ಓಟ ದೊಡ್ಡದಲ್ಲ, ಆದರೆ ನೆಲಕ್ಕೆ ಅಂಟಿಕೊಂಡಂತೆ ಕೂತು, ತಲೆಯ ಮೇಲೆ ಆಕಾಶ ಇಟ್ಟುಕೊಂಡು ಓಡಿಸುವ ಸುಖ ಬೇರೆ ಯಾವ ಗಾಡಿಯಲ್ಲಿ ಸಿಗುತ್ತದೆ? ಅಂಥ ಕಾರು ಗುಜರಿಗೆ ಹೋಗುವುದಕ್ಕಿಂತ ನಿನ್ನ ಮನೆಗೆ ಬಂದರೆ ನನಗೇ ಹೆಚ್ಚು ಸಂತೋಷ.

ಆದರೆ ಓಡಿ ಸವೆದ ಗಾಡಿಯ ರೋಗ ಬೇರೆ, ನಿಂತು ಕೆಟ್ಟ ಗಾಡಿಯ ರೋಗ ಬೇರೆ. ಓಡಿದ ಗಾಡಿ ಸದ್ದು ಮಾಡಿ, ಹೊಗೆ ಬಿಟ್ಟು ತನ್ನ ನೋವು ಹೇಳಿಕೊಳ್ಳುತ್ತದೆ. ನಿಂತ ಗಾಡಿ ಬಾಯಿ ಬಿಡುವುದಿಲ್ಲ. ಎಣ್ಣೆ ಕೆಳಗಿಳಿದು ಸಿಲಿಂಡರ್ ಗೋಡೆ ಒಣಗಿರುತ್ತದೆ, ಮಳೆಗಾಲದ ಶೀತ ಒಳಗೆ ಸೇರಿ ಪಿಸ್ಟನ್ ರಿಂಗು ಇದ್ದಲ್ಲೇ ಕಚ್ಚಿಕೊಂಡಿರುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ನಿನಗೆ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸೀಮೆಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಅಂಥ ಹನ್ನೆರಡು ಮಳೆಗಾಲ ಆ ಕಾರು ಕಂಡಿದೆ.

ನನ್ನ ಫಿಯೆಟ್ ಕಥೆ ನಿನಗೆ ಅರ್ಧ ಗೊತ್ತು, ಪೂರ್ತಿ ಹೇಳಿಲ್ಲ. ಅದು 1100 ಡಿ, 1089 ಸಿ.ಸಿ. ಎಂಜಿನ್. ಲೋಂಡಾ ಹತ್ತಿರದ ಒಂದು ತೋಟದ ಮನೆಯಲ್ಲಿ ಏಳು ವರ್ಷ ನಿಂತಿತ್ತು. ಕೊಂಡ ದಿನವೇ ಸ್ನೇಹಿತರನ್ನು ಕಟ್ಟಿಕೊಂಡು ಹೋದೆ. ಸೆಲ್ಫ್ ತಿರುಗಲಿಲ್ಲ. ಇಳಿಜಾರಿಗೆ ನೂಕಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ಒಂದು ಮಾರು ಎಳೆದುಕೊಂಡು ಹೋಗಿ, ಒಳಗೆಲ್ಲೋ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಆಮೇಲೆ ಎಂಜಿನ್ ಚಾಲೂ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಗಾವಿ ಮುಟ್ಟುವಷ್ಟರಲ್ಲಿ ಹಿಂದೆ ನೀಲಿ ಹೊಗೆಯ ಮೋಡ. ಉದ್ಯಮಬಾಗದ ಮಷೀನ್ ಶಾಪಿನಲ್ಲಿ ಹೆಡ್ ಇಳಿಸಿದಾಗ ನೋಡಿದೆ: ಮೂರನೇ ಸಿಲಿಂಡರಿನ ರಿಂಗು ಎರಡು ತುಂಡು, ಗೋಡೆಯ ಮೇಲೆ ಮೇಲಿನಿಂದ ಕೆಳಗೆ ಉಗುರಿನಿಂದ ಗೀರಿದಂತೆ ಗೆರೆ. ನಾಲ್ಕೂ ಸಿಲಿಂಡರ್ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು. ಆ ದಿನ ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು ಮನೆಗೆ ಬಂದಿದ್ದರೆ ಆ ಎಂಜಿನ್ ಹಾಗೇ ಉಳಿಯುತ್ತಿತ್ತು. ಆ ಮುರಿದ ರಿಂಗು ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ.

ಫಿಯೆಟ್ ಭಾಗ ಆಗ ಖಡೇ ಬಜಾರಿನಲ್ಲೇ ಹುಡುಕಿದರೆ ಸಿಗುತ್ತಿತ್ತು. ನಿನ್ನ ಸ್ಟಾರ್ಮ್ ಹಾಗಲ್ಲ. ಅದರ ಎಂಜಿನ್ ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋದಂಥ ಕಾರುಗಳಲ್ಲಿ ಓಡಿದ್ದು. ನಮ್ಮ ರಸ್ತೆಯ ಮಾಮೂಲಿ ಗಾಡಿಗಳಲ್ಲಿ ಇಲ್ಲ. ಒಂದು ಗ್ಯಾಸ್ಕೆಟ್ ಹೊರದೇಶದಿಂದ ತರಿಸಿ ತಿಂಗಳು ಕಾಯಬೇಕಾದೀತು. ನೀನು ಅವಸರದಲ್ಲಿ ಮುರಿಯುವ ಒಂದೊಂದು ಭಾಗಕ್ಕೂ ಅಷ್ಟು ಬೆಲೆ ತೆರಬೇಕು.

ಈಗ ನೋಡುವ ಮಾತು. ಬಣ್ಣ ನೋಡಿ ಮರುಳಾಗಬೇಡ. ಫೈಬರ್ ಬಾಡಿಗೆ ಜಂಗು ಹಿಡಿಯುವುದಿಲ್ಲ, ಒರೆಸಿದರೆ ಹೊಸದರಂತೆ ಹೊಳೆಯುತ್ತದೆ. ತಗಡಿನ ಕಾರಾದರೆ ಆಯಸ್ಕಾಂತ ಹಿಡಿದು ಎಲ್ಲಿ ಪುಟ್ಟಿ ತುಂಬಿದ್ದಾರೆ ಎಂದು ಕಂಡುಹಿಡಿಯಬಹುದಿತ್ತು, ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಜಂಗು ಇರುವುದು ಕೆಳಗೆ, ಉಕ್ಕಿನ ಚಾಸಿಯಲ್ಲಿ. ನೆಲಕ್ಕೆ ಹಳೆ ಚಾದರ ಹಾಸಿ ಅಂಗಾತ ಮಲಗು. ಸಸ್ಪೆನ್ಷನ್ ತೋಳುಗಳು ಚಾಸಿಗೆ ಸೇರುವ ಜಾಗ, ಬಾಡಿ ಬೋಲ್ಟುಗಳ ಸುತ್ತ, ನೀರು ನಿಲ್ಲುವ ಮೂಲೆಗಳು, ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಡಿ. ಗಟ್ಟಿ ಉಕ್ಕು ಖಣ್ ಅನ್ನುತ್ತದೆ. ಹಪ್ಪಳದಂತೆ ಪದರು ಉದುರಿದರೆ, ಚೂಪು ತುದಿ ಒಳಗೆ ಹೋದರೆ, ಅಲ್ಲಿಂದಲೇ ಕೈಮುಗಿದು ಎದ್ದು ಬಾ. ಮೇಲೆ ಬಾಗಿಲಿನ ಕೀಲಿನ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ ಅಂಜಬೇಡ. ರಾಳ, ಫೈಬರ್ ಮ್ಯಾಟ್ ಹಾಕಿ ಕೂಡಿಸಬಹುದು, ಗೋವಾದಲ್ಲಿ ಫೈಬರ್ ದೋಣಿ ಮಾಡುವವರಿಗೆ ಅದು ದಿನದ ಕೆಲಸ. ಚಾಸಿ ಹೋದರೆ ಮಾತ್ರ ಕಾರೇ ಹೋದಂತೆ.

ಕಾಗದದ ವಿಷಯಕ್ಕೆ ಬರೋಣ, ಇಲ್ಲಿ ನೀನು ಸಡಿಲ ಅಂತ ನನಗೆ ಗೊತ್ತು. ಮಾರುವವರು “ವಿಂಟೇಜ್ ಗಾಡಿ, ಎಲ್ಲಾ ಸಲೀಸು” ಅಂದರಂತೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿ ಮಾತ್ರ ವಿಂಟೇಜ್. ಅದರ ನೋಂದಣಿಗೆ 20,000 ರೂಪಾಯಿ, ಮೇಲಾಗಿ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಸ್ಟಾರ್ಮ್‌ಗೆ ಇನ್ನೂ ಆ ವಯಸ್ಸೇ ಆಗಿಲ್ಲ. ಅದು ಕಾನೂನಿನ ಕಣ್ಣಲ್ಲಿ ಮಾಮೂಲಿ ಹಳೆ ಕಾರು: 15 ವರ್ಷ ಮುಗಿದ ಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ, ತಡವಾದದ್ದಕ್ಕೆ ದಂಡ ಬೇರೆ. ಗೋವಾ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎ-22 ನಂಬರು ಹಾಕಿಸಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅದು ಕಡ್ಡಾಯ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ನೋಡು. ಆರ್‌ಸಿಯಲ್ಲಿರುವ ಮಾಲೀಕರು ಬದುಕಿಲ್ಲದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಅಣ್ಣ ಮಾರುತ್ತಾನೆ, ತಂಗಿ ಸಹಿ ಹಾಕುವುದಿಲ್ಲ, ಗಾಡಿ ಹತ್ತು ವರ್ಷ ನಿನ್ನ ಅಂಗಳದಲ್ಲಿ ನಿಲ್ಲುತ್ತದೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆ, ಆರ್‌ಸಿಯ ಜತೆ ಒಂದೊಂದೇ ಅಂಕಿ ತಾಳೆ ನೋಡು. ತಾಳೆಯಾಗದಿದ್ದರೆ ಮುಂಗಡದ ಮಾತೇ ಬೇಡ.

ಇಷ್ಟಾಗಿ ಕೊಂಡರೆ, ಹಗ್ಗ ಕಟ್ಟಿ ಎಳೆದು ತರಬೇಡ. ಖಾನಾಪುರ ರಸ್ತೆಯಲ್ಲಿ ದೇಸೂರು, ಮಚ್ಛೆ, ಪೀರನವಾಡಿ ದಾಟಿ ಬರುವಾಗ ಲಾರಿಗಳ ನಡುವೆ ಬ್ರೇಕಿಲ್ಲದ ಗಾಡಿಯಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಗಾಡಿ ಮೇಲೇರಿಸಿಕೊಂಡು ಬರುವ ರಿಕವರಿ ವಾಹನ ತರಿಸು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಹಿಂದಿನ ಚಕ್ರ ಕಚ್ಚಿರುತ್ತದೆ. ಡ್ರಮ್ ಅನ್ನು ಸುತ್ತಲೂ ಮೆಲ್ಲಗೆ ಬಡಿದು ಬಿಡಿಸಬೇಕು, ಜಗ್ಗಿ ಎಳೆದರೆ ಲೈನಿಂಗ್ ಕಿತ್ತು ಬರುತ್ತದೆ.

ಎಬ್ಬಿಸುವ ಕೆಲಸ ಮನೆಯಲ್ಲಿ, ನಿಧಾನವಾಗಿ. ಏರ್ ಫಿಲ್ಟರ್ ಮೊದಲು ತೆಗೆ. ಭತ್ತದ ಚೀಲದ ಪಕ್ಕ ನಿಂತ ಗಾಡಿ, ಇಲಿ ಅಲ್ಲಿ ಸಂಸಾರ ಮಾಡಿರುತ್ತದೆ, ವೈರು ಕಡಿದಿರುತ್ತದೆ. ನನ್ನ ಫಿಯೆಟ್ಟಿನ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆಯಲ್ಲಿ ಕಣಜ ಕೆಮ್ಮಣ್ಣಿನ ಗೂಡು ಕಟ್ಟಿತ್ತು, ಬೆರಳಿನ ಗೆಣ್ಣಿನಷ್ಟು, ಖಾನಾಪುರದ ಹಂಚಿನಂತೆ ಗಟ್ಟಿ. ಅದೊಂದಕ್ಕೆ ಎರಡು ವಾರ ಗಾಡಿ ಅರ್ಧ ದಾರಿಯಲ್ಲಿ ನಿಂತು ನಿಂತು ಸತಾಯಿಸಿತು. ಆದ್ದರಿಂದ ಪ್ರತಿ ತೂತಿಗೂ ಊದಿ ನೋಡು.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದರೊಳಗೆ ಎರಡು ಚಮಚ ತೆಳು ಎಣ್ಣೆ ಬಿಡು. ನಾಲ್ಕು ದಿನ ಮುಟ್ಟಬೇಡ. ಐದನೇ ದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ, ಕೈಯಿಂದ ಒತ್ತು. ಬೆರಳಗಲ ಕದಲಿದರೆ ಸಾಕು, ಅವತ್ತಿಗೆ ನಿಲ್ಲಿಸು. ಕದಲದಿದ್ದರೆ ಮತ್ತೆ ಎಣ್ಣೆ, ಮತ್ತೆ ನಾಲ್ಕು ದಿನ. ಪಾನಾಕ್ಕೆ ಪೈಪ್ ಸೇರಿಸಿ ಉದ್ದ ಮಾಡಿಕೊಳ್ಳಬೇಡ, ಕೈಗೆ ಎಷ್ಟು ಬಲವಿದೆಯೋ ಅಷ್ಟೇ. ಪೂರ್ತಿ ಎರಡು ಸುತ್ತು ಸಲೀಸಾಗಿ ತಿರುಗಿದ ಮೇಲೆ ಟೈಮಿಂಗ್ ಬೆಲ್ಟ್ ಹೊಸದು ಹಾಕಿಸು. ಅದು ಓಡದಿದ್ದರೂ ವಯಸ್ಸಿನಿಂದಲೇ ಸಾಯುವ ರಬ್ಬರು. ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಸ್ಪಾರ್ಕ್ ಬಂದ್ ಮಾಡಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆ. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ತಡೆ ತಡೆದು. ಆ ದೀಪ ಆರಿತು ಅಂದರೆ ಬೇರಿಂಗುಗಳಿಗೆ ಎಣ್ಣೆ ಮುಟ್ಟಿದೆ ಅಂತ. ಬ್ಯಾಟರಿಯ ಕೆಲಸ ಶುರುವಾಗುವುದು ಇಲ್ಲಿಂದ.

ಟ್ಯಾಂಕಿನ ಹಳೆ ಪೆಟ್ರೋಲ್ ಮೂಸಿ ನೋಡು, ಬಣ್ಣದ ಡಬ್ಬಿಯ ವಾಸನೆ ಬಂದರೆ ಅದು ಅಂಟಾಗಿದೆ. ಟ್ಯಾಂಕ್ ಇಳಿಸಿ ತೊಳೆಸು, ಇಂಜೆಕ್ಟರ್ ಬಿಚ್ಚಿ ಸ್ವಚ್ಛ ಮಾಡಿಸು. ಇನ್ನೊಂದು ಮಾತು, ಈ ಕಾರು ಹುಟ್ಟಿದಾಗ ಇದ್ದ ಪೆಟ್ರೋಲ್ ಈಗ ಇಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ-20 ಬಿಡುಗಡೆಯಾಯಿತು, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ನಮ್ಮದೇ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲ, ಅದು ಸಂತೋಷದ ಮಾತು. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಯನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಹರಿಯುವ ಒಂದೊಂದು ಕೊಳವೆಯನ್ನೂ ಎಥೆನಾಲ್ ತಾಳುವ ಹೊಸದಕ್ಕೆ ಬದಲಾಯಿಸು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಫೈಬರ್ ಬಾಡಿ ಧಗಧಗ ಉರಿಯುತ್ತದೆ. ಮೊದಲ ಸಲ ಚಾಲೂ ಮಾಡುವಾಗ ಬೆಂಕಿ ಆರಿಸುವ ಸಿಲಿಂಡರ್ ಕೈಯಳತೆಯಲ್ಲಿರಲಿ.

ಬ್ರೇಕಿನ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಆಯಿಲ್, ಹೋಸ್, ಸಿಲಿಂಡರಿನ ರಬ್ಬರ್ ಎಲ್ಲ ಹೊಸದು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. 1409 ಅಂತಿದ್ದರೆ 2009ರ 14ನೇ ವಾರದ ಟೈರು. ಗೆರೆ ಎಷ್ಟೇ ಆಳವಿರಲಿ, ಎಸೆ. ಕಾರಿಗೆ ಎಷ್ಟು ಕೊಡುತ್ತೀಯೋ ಅಷ್ಟೇ ಹಣ ಈ ಕೆಲಸಗಳಿಗೆ ಬೇರೆ ಎತ್ತಿಟ್ಟುಕೊಂಡಿದ್ದರೆ ಮಾತ್ರ ವ್ಯವಹಾರಕ್ಕೆ ಕೂರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಗೋವಾವೇಸ್ ಸರ್ಕಲ್ಲಿನಲ್ಲಿ ನಿಂತಿರುತ್ತೇನೆ, ಕರೆದುಕೊಂಡು ಹೋಗು. ಬ್ಯಾಟರಿ ಮನೆಯಲ್ಲೇ ಇರಲಿ. ಟಾರ್ಚ್, ಹಳೆ ಚಾದರ, ಪೆನ್ಸಿಲ್, ಬಿಳಿ ಹಾಳೆ, ಪ್ಲಗ್ ಪಾನಾ ತಗೊಂಡು ಬಾ. ಎಣ್ಣೆ ಡಬ್ಬಿ ನಾನು ತರುತ್ತೇನೆ, ಆ ಮುರಿದ ರಿಂಗನ್ನೂ.