ರೇಸ್ ಕುದುರೆಗೂ ಮನಸ್ಸಿದೆ

ರೇಸ್ ಕುದುರೆ ಅಂದ ಕೂಡಲೇ ದೊಡ್ಡವರು ಜೂಜು ಅನ್ನುತ್ತಾರೆ. ನಾನು ಬರೆಯುತ್ತಿರುವುದು ದುಡ್ಡು ಕಟ್ಟುವವರ ವಿಷಯ ಅಲ್ಲ, ಓಡುವ ಪ್ರಾಣಿಯ ವಿಷಯ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ರೇಸ್‌ಕೋರ್ಸ್ ಇದೆ. ಮೈಸೂರು ರೇಸ್ ಕ್ಲಬ್ ಶುರುವಾದದ್ದು 1891ರಲ್ಲಿ. ನನ್ನ ಸೋದರಮಾವ ಒಂದು ಕುದುರೆ ಲಾಯದಲ್ಲಿ ಸೈಸ್ ಆಗಿದ್ದಾರೆ. ಸೈಸ್ ಎಂದರೆ ಕುದುರೆಗೆ ಮೇವು ಹಾಕಿ, ಮೈ ಉಜ್ಜಿ, ನಡೆದಾಡಿಸಿ ನೋಡಿಕೊಳ್ಳುವವರು. ಹಬ್ಬಕ್ಕೆ ಬಂದಾಗ ಅವರನ್ನು ಕೇಳಿ ಕೇಳಿ ಬರೆದುಕೊಂಡದ್ದು, ಪುಸ್ತಕದಲ್ಲಿ ಓದಿದ್ದು ಎರಡೂ ಇಲ್ಲಿದೆ.

ಮೊದಲು ಕುದುರೆಯ ಭಯವನ್ನು ತಿಳಿಯಬೇಕು. ಕುದುರೆ ಹುಲ್ಲು ತಿನ್ನುವ ಪ್ರಾಣಿ. ಕಾಡಿನಲ್ಲಿದ್ದಾಗ ತೋಳದಂಥ ಪ್ರಾಣಿಗಳಿಗೆ ಅದೇ ಆಹಾರ. ಅದಕ್ಕೆ ಕೊಂಬಿಲ್ಲ, ಓಡುವುದೇ ದಾರಿ. ಆದ್ದರಿಂದ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣದು. ಹಿಂದಿನಿಂದ ಹೋದವನಿಗೆ ಒದೆ ಬೀಳುವುದು ಅದಕ್ಕೇ. ನಾವು ಅದನ್ನು ಮೊಂಡು ಅನ್ನುತ್ತೇವೆ, ಆದರೆ ಅದು ಹೆದರಿಕೆ.

ಹೆದರಿಕೆಯನ್ನು ಹೊಡೆದು ಓಡಿಸಲು ಆಗುವುದಿಲ್ಲ. ದಸರೆಗೆ ಮುಂಚೆ ಮೈಸೂರಿನಲ್ಲಿ ಫಿರಂಗಿ ತಾಲೀಮು ನಡೆಯುವುದನ್ನು ಟಿವಿಯಲ್ಲಿ ನೋಡಿರಬಹುದು. ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಬೆದರಬಾರದು ಎಂದು ಆನೆಗಳನ್ನೂ ಪೊಲೀಸ್ ಕುದುರೆಗಳನ್ನೂ ಮುಂಚೆಯೇ ಕರೆತಂದು ನಿಲ್ಲಿಸಿ ಸಿಡಿಸುತ್ತಾರೆ. ಮೊದಲ ಸಲ ಕೆಲವು ಬೆಚ್ಚಿ ಹಿಂದೆ ಸರಿಯುತ್ತವೆ. ಸಲ ಕಳೆದಂತೆ ನಿಲ್ಲಲು ಕಲಿಯುತ್ತವೆ. ಫಿರಂಗಿ ಸದ್ದೇನೂ ಕಡಿಮೆಯಾಗಿರುವುದಿಲ್ಲ. ಸದ್ದು ಬಂದರೂ ತನಗೆ ಏನೂ ಆಗಲಿಲ್ಲ ಅನ್ನುವುದು ಪ್ರಾಣಿಗೆ ಗೊತ್ತಾಗಿರುತ್ತದೆ.

ರೇಸ್ ಕುದುರೆಗೆ ಇಂಥ ಕಷ್ಟದ ಪಾಠ ಎಂದರೆ ಸ್ಟಾರ್ಟಿಂಗ್ ಗೇಟು. ಸಾಲಾಗಿ ಜೋಡಿಸಿದ ಕಬ್ಬಿಣದ ಗೂಡುಗಳು, ಒಂದೊಂದರಲ್ಲಿ ಒಂದೇ ಕುದುರೆ ಹಿಡಿಯುತ್ತದೆ. ಓಡಿ ಬದುಕುವ ಪ್ರಾಣಿಯನ್ನು ಗೂಡಿಗೆ ನುಗ್ಗು ಅಂದರೆ ಹೇಗಿರಬೇಡ! ಮಾವ ಹೇಳುವ ಪ್ರಕಾರ ಮೊದಲು ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡನ್ನೂ ತೆಗೆದಿಡಬೇಕು. ಪಳಗಿದ ಹಳೇ ಕುದುರೆಯನ್ನು ಮುಂದೆ ಬಿಟ್ಟು, ಅದರ ಹಿಂದೆ ಮರಿಯನ್ನು ಸುಮ್ಮನೆ ದಾಟಿಸಬೇಕು. (ನಾವು ಹೊಸ ಹೋರಿಯನ್ನು ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟುವುದಿಲ್ಲವೇ, ಹಂಗೆ.) ಆಮೇಲೆ ಒಳಗೆ ಸ್ವಲ್ಪ ಹೊತ್ತು ನಿಲ್ಲಿಸಿ ಕುತ್ತಿಗೆ ಸವರಬೇಕು. ಇನ್ನೊಂದು ದಿನ ಮುಂದಿನ ಬಾಗಿಲು ಮಾತ್ರ ಮುಚ್ಚಬೇಕು, ಅದು ಒಗ್ಗಿದ ಮೇಲೆ ಹಿಂದಿನದು. ಬಾಗಿಲು ದಡಾರನೆ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಒಂದು ಮೆಟ್ಟಿಲಲ್ಲಿ ಬೆದರಿದರೆ ಹಿಂದಿನ ಮೆಟ್ಟಿಲಿಗೆ ಬರಬೇಕು.

ಇದರಲ್ಲಿ ಗುಟ್ಟು ಹಗ್ಗದ್ದು. "ಎಳೆಯೋದು ಎಲ್ಲರ್ಗೂ ಬತ್ತದೆ ಕನ ಮೊಗ, ಯಾವಾಗ ಸಡಿಲ ಬುಡಬೇಕು ಅನ್ನೋದೇ ವಿದ್ಯೆ" ಅಂತಾರೆ ಮಾವ. ಹಗ್ಗವನ್ನು ಸ್ವಲ್ಪ ಬಿಗಿ ಮಾಡಿ ಕಾಯಬೇಕು. ಕುದುರೆ ಅರ್ಧ ಹೆಜ್ಜೆ ಮುಂದಿಟ್ಟರೂ ಆ ಕ್ಷಣವೇ ಸಡಿಲಿಸಬೇಕು. ತಡವಾದರೆ ಯಾವುದಕ್ಕೆ ಸಡಿಲವಾಯಿತು ಅಂತ ಅದಕ್ಕೆ ತಿಳಿಯದು. ಮುಂಗಾಲೆತ್ತಿ ನಿಂತಾಗ ಹೆದರಿ ಸಡಿಲ ಬಿಟ್ಟರೆ ಕಾಲೆತ್ತುವುದನ್ನೇ ಕಲಿಯುತ್ತದೆ! ಗ್ರೀಸ್ ದೇಶದ ಕ್ಸೆನೋಫೋನ್ ಎಂಬಾತ 2300 ವರ್ಷಗಳಿಗೂ ಹಿಂದೆ ಬರೆದ ಪುಸ್ತಕದಲ್ಲೇ, ಸಿಟ್ಟು ಬಂದಾಗ ಕುದುರೆ ಹತ್ತಿರ ಹೋಗಬಾರದು ಎಂದು ತಿಳಿಸಿದ್ದಾನೆ.

ಹಾಗಾದರೆ ಚಾವಟಿ ಬೇಡವೇ? ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೇಸುಗಳನ್ನು ಅಳೆದು ನೋಡಿ 2011ರಲ್ಲಿ ಪ್ರಕಟಿಸಿದರು. ಕೊನೆಯ 400 ಮೀಟರಿನಲ್ಲಿ ಹೊಡೆತ ಜಾಸ್ತಿ, ಆದರೆ ಕುದುರೆಗಳು ಅತಿ ಜೋರಾಗಿ ಓಡಿದ್ದು ಅದಕ್ಕಿಂತ ಮುಂಚೆ, ಹೊಡೆತ ಬೀಳದಾಗ. ಕುದುರೆಯ ಚರ್ಮಕ್ಕೂ ನಮ್ಮಷ್ಟೇ ನೋವು ತಿಳಿಯುವಂತಿದೆ ಎಂದು 2020ರಲ್ಲಿ ತೋರಿಸಿದರು. ನಾರ್ವೆ ದೇಶ 1982ರಲ್ಲೇ ಓಟ ಹೆಚ್ಚಿಸಲು ಹೊಡೆಯುವುದನ್ನು ನಿಷೇಧಿಸಿತು. ಇಷ್ಟು ಗೊತ್ತಾದ ಮೇಲೂ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ.

ಓಟಕ್ಕಿಂತ ದೊಡ್ಡ ತೊಂದರೆ ಲಾಯದಲ್ಲಿದೆ. ಬೆಳಗಿನ ಜಾವ ಓಡಿಸಿ ತಂದ ಮೇಲೆ ಮಿಕ್ಕ ದಿನವೆಲ್ಲ ಅದು ಕೋಣೆಯಲ್ಲೇ ನಿಂತಿರಬೇಕಾಗುತ್ತದೆ. ಬಯಲಲ್ಲಿ ಬಿಟ್ಟರೆ ಕುದುರೆ ದಿನಕ್ಕೆ 14-16 ಗಂಟೆ ಮೇಯುತ್ತದೆ. ಅದರ ಹೊಟ್ಟೆಯಲ್ಲಿ ಆಮ್ಲ ಯಾವಾಗಲೂ ಊರುತ್ತಲೇ ಇರುತ್ತದೆ. ಒಣಹುಲ್ಲು ಕಡಿಮೆ ಮಾಡಿ ಬರೀ ಕಾಳು ಹಾಕಿದರೆ ಹೊಟ್ಟೆ ಹುಣ್ಣಾಗುತ್ತದೆ. ಮೇಲಾಗಿ ಅದು ಗುಂಪಿನ ಪ್ರಾಣಿ. ಒಂಟಿಯಾಗಿ ನಿಲ್ಲಿಸಿದರೆ ಕೆಲವು ಬಾಗಿಲ ಬಳಿ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಲೇ ಇರುತ್ತವೆ. ಕೆಲವು ಬಾಗಿಲ ಮರವನ್ನು ಹಲ್ಲಲ್ಲಿ ಕಚ್ಚಿ ಗಾಳಿ ನುಂಗುತ್ತವೆ. ಕುತ್ತಿಗೆಗೆ ಪಟ್ಟಿ ಬಿಗಿದರೆ ಕಚ್ಚುವುದು ನಿಲ್ಲಬಹುದು, ಬೇಸರ ನಿಲ್ಲುವುದಿಲ್ಲ. ಪಕ್ಕದ ಕುದುರೆ ಕಾಣುವಂತೆ ಗೋಡೆಯಲ್ಲಿ ಕಂಬಿ ಕಿಟಕಿ ಇಡುವುದು, ಒಣಹುಲ್ಲನ್ನು ಹಲವು ಸಲ ಹಾಕುವುದು, ಹೊರಗೆ ನಡೆದಾಡಿಸುವುದು ಇವೇ ಮದ್ದು. ಮಾವನ ಲಾಯದಲ್ಲಿ ಬೆದರುವ ಒಂದು ಕುದುರೆಗೆ ಜೊತೆಗಿರಲಿ ಎಂದು ಕಪ್ಪು ಆಡು ಕಟ್ಟಿದ್ದಾರಂತೆ. ಆಡು ಅದರ ಹುಲ್ಲನ್ನೇ ಕದ್ದು ತಿಂದರೂ ಕುದುರೆ ಸುಮ್ಮನಿರುತ್ತದಂತೆ!

ನಮ್ಮ ಮನಸ್ಸನ್ನೂ ಕುದುರೆ ಓದುತ್ತದೆ. ಜರ್ಮನಿಯಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಪರೀಕ್ಷೆ ಮಾಡಿ ನೋಡಿದರೆ ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ. ಸರಿಯಾದ ಅಂಕಿ ಬಂದಾಗ ಕೇಳಿದವರ ತಲೆ ಚೂರು ಅಲುಗುತ್ತಿತ್ತು, ಅದನ್ನು ನೋಡಿ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಅಷ್ಟು ಸಣ್ಣದನ್ನು ಕಾಣುವ ಪ್ರಾಣಿಗೆ ನಮ್ಮ ಸಿಟ್ಟು ಕಾಣದೇ ಇರುತ್ತದೆಯೇ?

ನಮ್ಮೂರಲ್ಲಿ ಕುದುರೆ ಇಲ್ಲ. ಆದರೆ ನಮ್ಮನೆ ಹೋರಿ ಕರಿಯ, ಯಳಂದೂರು ಕಡೆ ಗದ್ದೆ ದಾರಿಯ ನಾಲೆ ಸೇತುವೆ ಹತ್ತುವುದಿಲ್ಲ. ಕೆಳಗೆ ನೀರು ಹೊಳೆಯುವುದು ನೋಡಿ ನಿಂತುಬಿಡುತ್ತದೆ. ದಾಟದಿದ್ದರೆ ಮುಡುಕುತೊರೆ ಜಾತ್ರೆಯಲ್ಲಿ ಮಾರುವುದಾಗಿ ಅಪ್ಪ ಹೇಳಿದ್ದಾರೆ. ಹೊಡೆದು ನೋಡಿದ್ದೂ ಆಯಿತು. ಈಗ ಒಂಬತ್ತು ದಿನದಿಂದ ಹಳೇ ಎತ್ತನ್ನು ಮುಂದೆ ಬಿಟ್ಟು ಮಾವನ ಹಗ್ಗದ ಪಾಠವನ್ನೇ ಮಾಡುತ್ತಿದ್ದೇನೆ. ನೆನ್ನೆ ಮುಂಗಾಲು ಎರಡನ್ನೂ ಸೇತುವೆ ಮೇಲಿಟ್ಟಿತು, ತಕ್ಷಣ ಸಡಿಲ ಬಿಟ್ಟೆ. ಜಾತ್ರೆಗೆ ಇನ್ನು ಐದು ವಾರ ಇದೆ. ಸಾಯಂಕಾಲ ಶಾಲೆ ಬಿಟ್ಟ ಮೇಲೆ ಅಲ್ಲೇ ಇರುತ್ತೇನೆ. ನೋಡಲು ಬರುವವರು ಕೂಗಾಡಬೇಡಿ, ಹಿಂದಿನಿಂದ ಬರಬೇಡಿ, ಪಕ್ಕದಲ್ಲಿ ಕಾಣುವಂತೆ ನಿಲ್ಲಿ.