ಆನೆಯ ಹಾದಿ

ಕಾಡುಪ್ರಾಣಿಗಳ ರಕ್ಷಣೆಯೆಂದರೆ ಕಾಡಿಗೆ ಗಡಿ ಹಾಕಿ ಕಾವಲಿಡುವುದು ಎಂದು ಬಹುಮಂದಿಯ ತಿಳಿವಳಿಕೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ನಮ್ಮ ನಾಡಿನ ಮತ್ತು ಈ ಬಂಗಾಳದ ಕೆಲವು ಉದಾಹರಣೆಗಳಿಂದ ಈ ವಿಷಯವನ್ನು ವಿಚಾರ ಮಾಡೋಣ.

ಬಂಡೀಪುರದಲ್ಲಿ 1931ರಲ್ಲಿ ಮೈಸೂರು ಮಹಾರಾಜರು ಸುಮಾರು 90 ಚದರ ಕಿಲೋಮೀಟರು ಕಾಡನ್ನು ಮೃಗಗಳಿಗೆಂದು ಮೀಸಲಿಟ್ಟರು. 1941ರಲ್ಲಿ ಅದನ್ನು ಬಹಳವಾಗಿ ವಿಸ್ತರಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಧಾಮವೆಂದು ಕರೆದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ 9 ಕಾಡುಗಳಲ್ಲಿ ಬಂಡೀಪುರವೂ ಸೇರಿತ್ತು, ನಮ್ಮ ಕಲ್ಕತ್ತೆಯ ಮಗ್ಗುಲಿನ ಸುಂದರಬನವೂ ಸೇರಿತ್ತು.

ಆದರೆ ಆನೆಗೆ ಸರ್ಕಾರದ ನಕ್ಷೆ ಗೊತ್ತಿಲ್ಲ. ದಿನಕ್ಕೆ ನೂರು ಕಿಲೋಗೂ ಮೇಲ್ಪಟ್ಟು ಮೇವು ತಿನ್ನುವ ಪ್ರಾಣಿ ಅದು. ಬೇಸಗೆಯಲ್ಲಿ ನೀರಿದ್ದಲ್ಲಿಗೆ, ಮಳೆ ಬಿದ್ದ ಮೇಲೆ ಹೊಸ ಹುಲ್ಲಿದ್ದಲ್ಲಿಗೆ ನಡೆಯಲೇಬೇಕು. ಹಾದಿಯಲ್ಲಿ ಹೊಲವೆದ್ದರೆ ಹೊಲದ ಮೇಲೆಯೇ ನಡೆಯುತ್ತದೆ. ರೈತನ ರಾಗಿಯೂ ಹೋಯಿತು, ಕೆಲವು ವೇಳೆ ಜೀವವೂ ಹೋಯಿತು. ಇನ್ನೊಂದು ಕೇಡೂ ಉಂಟು. ಒಂದೇ ತುಂಡು ಕಾಡಿನಲ್ಲಿ ಸಿಕ್ಕಿಬಿದ್ದ ಸಣ್ಣ ಹಿಂಡು ರಕ್ತಸಂಬಂಧದಲ್ಲಿಯೇ ಬೆಳೆದು ತಲೆಮಾರುಗಳಲ್ಲಿ ಕ್ಷೀಣಿಸುತ್ತದೆ. ಆದಕಾರಣ ಕಾಡಿನಿಂದ ಕಾಡಿಗೆ ಓಣಿ ಬೇಕು. ಇದಕ್ಕೇ ಕಾರಿಡಾರ್ ಎನ್ನುವುದು.

ಬಿಳಿಗಿರಿರಂಗನ ಬೆಟ್ಟಕ್ಕೂ ಪೂರ್ವದ ಕೊಳ್ಳೇಗಾಲದ ಕಡೆಯ ಕಾಡಿಗೂ ನಡುವೆ ಇಂಥದೊಂದು ಇಕ್ಕಟ್ಟಾದ ಹಾದಿಯಿದೆ: ಎಡೆಯಾರಹಳ್ಳಿ–ದೊಡ್ಡಸಂಪಿಗೆ. (ದೊಡ್ಡಸಂಪಿಗೆಯೆಂಬುದು ಸೋಲಿಗರು ಪೂಜಿಸುವ ಬಹು ಹಳೆಯ ಮರ.) ಅಲ್ಲಿ ಸುಮಾರು 25 ಎಕರೆ ಖಾಸಗಿ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯವರು ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದರು. ಲೆಕ್ಕದ ಪುಸ್ತಕದಲ್ಲಿ 25 ಎಕರೆಯೆಂದರೆ ಒಂದು ಸಾಲು. ಆದರೆ ಬಾಗಿಲು ಎಷ್ಟು ಅಗಲವೆಂಬುದಕ್ಕಿಂತ ಎಲ್ಲಿದೆಯೆಂಬುದೇ ಮುಖ್ಯ.

ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಸಿಲಿಗುರಿಯಿಂದ ಅಲಿಪುರ್‌ದುವಾರಕ್ಕೆ ಹೋಗುವ ರೈಲುಹಾದಿ ಕಾಡುಗಳನ್ನು ಸೀಳಿಕೊಂಡು ಸಾಗುತ್ತದೆ. ಅದು ಬ್ರಾಡ್‌ಗೇಜ್ ಆದ ಮೇಲೆ ಗಾಡಿಗಳೂ ಹೆಚ್ಚಿದವು, ವೇಗವೂ ಹೆಚ್ಚಿತು. 2010ರ ಸೆಪ್ಟೆಂಬರಿನಲ್ಲಿ ಬಾನರ್‌ಹಾಟ್ ಬಳಿ ಒಂದೇ ರಾತ್ರಿ ಗೂಡ್ಸ್ ಗಾಡಿಗೆ ಸಿಕ್ಕಿ 7 ಆನೆಗಳು ಸತ್ತವು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದ್ದನ್ನು 2010ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಕೇರಳಕ್ಕೆ ತರಕಾರಿ ಸಾಗಿಸುವವರಿಗೆ ಇದರಿಂದ ತೊಂದರೆಯಿದೆ, ಇಲ್ಲವೆನ್ನಲಾಗದು. ಆದರೂ ಆ ಕಟ್ಟಳೆ ಸರಿಯೆಂದೇ ನನ್ನ ಅಭಿಪ್ರಾಯ.

ಮೂರನೆಯದು, ಕಳೆದುಹೋದ ಕಾಡನ್ನು ಮರಳಿ ಕಾಡಾಗಲು ಬಿಡುವುದು. 1952ರಲ್ಲಿ ಅಳಿದುಹೋಯಿತೆಂದು ಸಾರಿದ ಚೀತಾವನ್ನು 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ತಂದದ್ದನ್ನು ಎಲ್ಲರೂ ಓದಿದ್ದೀರಿ. ಅಷ್ಟು ಸದ್ದಿಲ್ಲದೆ ನಡೆದದ್ದು ನಮ್ಮ ಭದ್ರಾ ಅಭಯಾರಣ್ಯದಲ್ಲಿ. ಒಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2002ರ ಸುಮಾರಿಗೆ ಹೊರಬಂದವು. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಕೊಟ್ಟರು. ಅವರು ಬಿಟ್ಟ ಗದ್ದೆಗಳಲ್ಲಿ ಹುಲ್ಲು ಬೆಳೆದು, ಈಗ ಕಾಟಿ ಜಿಂಕೆಗಳು ಮೇಯುತ್ತವೆ. ಜಮೀನಿಗೆ ಜಮೀನು ಸಿಕ್ಕಿದ್ದರಿಂದ ಇದು ನಡೆಯಿತು. ಎಲ್ಲ ಕಡೆಯೂ ಹಾಗಾಗಲಿಲ್ಲ; ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರಲ್ಲಿ ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಗಳಾದರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗಾದರೋ ವರ್ಷಕ್ಕೊಮ್ಮೆ ಹೋಗಲು ಊರಾದರೂ ಇದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಮಾತ್ರ ಬೇರೆ ರೀತಿ. 2011ರಲ್ಲಿ ಅದನ್ನು ಹುಲಿ ಮೀಸಲೆಂದು ಸಾರಿದರು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯ ಹಕ್ಕು ಪತ್ರಗಳೂ ದೊರೆತವು. ಹಿಂದೆ ತಾವು ವರ್ಷವರ್ಷ ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಪೊದೆ ಹಬ್ಬಿ ಹುಲ್ಲು ಸತ್ತಿತು ಎಂದು ಸೋಲಿಗರು ಹೇಳುತ್ತಾರೆ. ಕಾಡನ್ನು ಅಭ್ಯಾಸ ಮಾಡುವ ವಿದ್ವಾಂಸರೂ ಈಗ ಆ ಮಾತಿಗೆ ಕಿವಿಗೊಡುತ್ತಿದ್ದಾರೆ.